ಪೆಟ್ಟಿಗೆಯಲ್ಲಿ ಇಲ್ಲದ ಮೊಳೆ

ಲೆಚ್ಚೆಯಲ್ಲಿ ಸತ್ತವರ ಹೆಸರನ್ನು ಗೋಡೆಗೆ ಅಂಟಿಸುತ್ತಾರೆ.
ತರಕಾರಿ ಅಂಗಡಿಯ ಪಕ್ಕ, ಬಸ್ಸಿನ ವೇಳಾಪಟ್ಟಿಯ ಕೆಳಗೆ,
ನಿನ್ನೆಯವರ ಮೇಲೆ ಇವತ್ತಿನವರು,
ಗೋಂದು ಇನ್ನೂ ಹಸಿ.

ಹಾಳೆಯ ಅಗಲ ಎರಡು ಗೇಣು.
ಹೆಸರುಗಳೋ ಮಾರುದ್ದ:
ಅದ್ದೊಲೊರಾತಾ ಮಾಸ್ತ್ರೊಜಾಕೊಮೊ,
ಅದರ ಹಿಂದೆ ತೀರಿಕೊಂಡ ಗಂಡನ ಹೆಸರು ಬೇರೆ.
‘ಹೆಸರನ್ನು ಮುರಿದು ಎರಡು ಸಾಲು ಮಾಡಬೇಡ,
ಬದುಕಿದ್ದಾಗ ಮುರಿದದ್ದು ಸಾಕು’
ಅನ್ನುತ್ತಿದ್ದ ಅಜ್ಜ ಒರೋನ್ಸೊ,
ಉಗುರಿನ ಸಂದಿಯಲ್ಲಿ ಎಂದೂ ಹೋಗದ ಮಸಿ.

ಅದಕ್ಕೇ ಈ ಅಕ್ಷರ.
ಪೇರುಮರದ ಮೊಳೆಗಳು. ಎತ್ತರ, ಸಪೂರ,
ತುಂಬಿದ ಬಸ್ಸಿನಲ್ಲಿ ಹೊಟ್ಟೆ ಒಳಗೆಳೆದುಕೊಂಡು
ಪಕ್ಕದವರಿಗೂ ಜಾಗ ಬಿಟ್ಟು ನಿಂತವರ ಹಾಗೆ.
ಅಡಿಯಲ್ಲಿ ತೆಳ್ಳನೆ ಸೆರಿಫ್,
ಬ್ರೇಕು ಹಾಕಿದಾಗ ನೆಲ ಕಚ್ಚುವ ಹೆಬ್ಬೆರಳು.
ಇಲ್ಲಿ ‘ಓ’ ದುಂಡಗಿಲ್ಲ,
ಅದರೊಳಗಿನ ಬಿಳಿ
ಬಾಗಿಲು ಪೂರ್ತಿ ಮುಚ್ಚದೆ ಬಿಟ್ಟ ಬೆಳಕಿನ ಸೀಳು.

ಸಾವಿಗೇ ಮೀಸಲು ಅಂತೇನಿಲ್ಲ.
ಸರ್ಕಸ್ಸು, ಒಪೆರಾ, ಮೇಯರ್ ಚುನಾವಣೆ,
ಒಂದು ಸಲ ಎಣ್ಣೆ ಡಬ್ಬಿಯ ಮೇಲಿನ ಚೀಟಿ.
ಮಂಗಳವಾರ ಎಲೆಫಾಂತೆಯ ನಡುವಿದ್ದ ‘ಎಫ್’
ಗುರುವಾರ ಫೊರ್ತುನಾತಾ ಅನ್ನುವ ಮುದುಕಿಯ ಮುಂದೆ,
ಆನೆಯ ಮಸಿ ಒರೆಸಿಕೊಂಡು.
ಆದರೆ ಸಣ್ಣಕ್ಕೆ ಇಳಿಸಬಾರದು.
ಯಾವ ಚರ್ಚು, ಎಷ್ಟು ಗಂಟೆಗೆ,
ಅದಕ್ಕೆಲ್ಲ ಬೇರೆಯವರಿದ್ದಾರೆ.
ಇದಕ್ಕೆ ಪಿಸುಗುಡಲು ಬರುವುದಿಲ್ಲ.

ನಾನೀಗ ಪರದೆಯ ಮೇಲೆ ಅದನ್ನೇ ಬರೆಯುತ್ತಿದ್ದೇನೆ.
ಯಾವ ಅಕ್ಷರವನ್ನಾದರೂ ಹಿಡಿದು ಅಮುಕಿದರಾಯಿತಲ್ಲ
ಅನ್ನುತ್ತಾರೆ ಗೆಳೆಯರು. ಅಮುಕಿ ನೋಡಿ.
ನಿಂತ ಕಂಬ ಸೊರಗುತ್ತದೆ, ಅಡ್ಡಗೆರೆ ದಪ್ಪಗೇ ಉಳಿಯುತ್ತದೆ,
ಕಾಯಿಲೆಯವನ ಮೈಮೇಲೆ ಅವನದೇ ಹಳೆ ಕೋಟು.
ಸಪೂರ ಹುಟ್ಟಿದ್ದು ಬೇರೆ,
ಸೊರಗಿದ್ದು ಬೇರೆ.

ಫೆಬ್ರವರಿಯಲ್ಲಿ ಬಂದಳು ಸಿಞೋರಾ ಇಮ್ಮಾಕೊಲಾತಾ,
ತೊಂಬತ್ತೊಂದು ವರ್ಷ, ಎರಡು ಊರುಗೋಲು.
‘ಅವಳು ನನ್ನನ್ನು ಮಣ್ಣು ಮಾಡಬೇಕಿತ್ತು’ ಅಂದಳು,
ಔಷಧಿ ಚೀಟಿಯ ಬೆನ್ನಿಗೆ ಬರೆದ ಹೆಸರು ಕೊಟ್ಟಳು:
ಕಾತೆರಿನಾ ಹ್ನಾತ್ಯುಕ್, ಚೆರ್ನಿವ್ತ್ಸಿಯವಳು,
ಹನ್ನೊಂದು ವರ್ಷ ಮೀಯಿಸಿದವಳು, ಉಣ್ಣಿಸಿದವಳು.
ಮೊದಲಲ್ಲೊಂದು ‘ಕೆ’, ಕೊನೆಗೊಂದು ‘ಕೆ’.
ಅಜ್ಜನ ಪೆಟ್ಟಿಗೆಯಲ್ಲಿ ‘ಕೆ’ ಇಲ್ಲ,
ನಮ್ಮ ಭಾಷೆಗೆ ಬೇಕಾಗಿರಲಿಲ್ಲ.

‘ಸಿ ಹಾಕಲೇ? ಕಿವಿಗೆ ಎರಡೂ ಒಂದೇ.’
‘ಸಂಬಳದ ರಸೀದಿಗೆ ನಾನೂ ಸಿ ಹಾಕುತ್ತಿದ್ದೆ.
ಅವಳು ಏನೂ ಅನ್ನಲಿಲ್ಲ’ ಅಂದಳು.
ಆಮೇಲೆ ಕೂರಲು ಕುರ್ಚಿ ಕೇಳಿದಳು.

‘ವೈ’ ಸುಲಭ. ‘ವಿ’ಯ ತುದಿ ಕೊಯ್ದು ‘ಐ’ಯ ಕಾಲು ಕೊಟ್ಟೆ.
‘ಕೆ’ ಹಾಗಲ್ಲ,
ಅದು ಕೈಕಾಲು ಚಾಚಿಕೊಳ್ಳುವ ಜಾತಿ.
ಇಲ್ಲಿ ಚಾಚಲು ಎಲ್ಲಿದೆ ಜಾಗ?
ಬಿಡಿಸಿದ ಮೊದಲನೆಯದು ಪಕ್ಕದ ‘ಎ’ಯನ್ನು ಒದೆಯಿತು,
ಎರಡನೆಯದು ಮುದುರಿ ಅಳುವಂತೆ ಕಂಡಿತು.
(ಅಡುಗೆಮನೆಯ ಓಣಿಯಲ್ಲಿ, ಫ್ರಿಜ್ಜಿನ ಪಕ್ಕ,
ಮಡಚುವ ಮಂಚದಲ್ಲಿ ಅವಳ ಮಲಗು,
ಸಿಞೋರಾ ಇದನ್ನು ಹೇಳಿದ್ದು ಬೇರೇನೋ ಹೇಳುತ್ತಾ.)
ಐದನೆಯದರಲ್ಲಿ ಮೇಲಿನ ತೋಳು ಮೊಣಕೈಯಲ್ಲಿ ಮಡಿಯಿತು,
ಕೆಳಗಿನ ಕಾಲು ನೆಟ್ಟಗೆ ಇಳಿದು
ಸೆರಿಫಿನ ಮೇಲೆ ನಿಂತಿತು.
ಒಡೆದ ‘ಆರ್’ ಒಂದಿತ್ತು, ಅದರ ಮರದಲ್ಲೇ ಕೊರೆದೆ,
ಕನ್ನಡಿಯಲ್ಲಿ ಕಾಣುವ ಹಾಗೆ, ತಿರುವುಮುರುವು.

ಇದ್ದದ್ದು ಒಂದೇ ‘ಕೆ’. ಹಾಳೆಗೆ ಎರಡು ಸಲ ಒತ್ತಿದೆ.
ಕೊನೆಯದು ಕೂದಲೆಳೆಯಷ್ಟು ಮೇಲೆ ಕೂತಿತು, ಮಸಿಯೂ ಜಾಸ್ತಿ.
ಸಿಞೋರಾ ಬೆರಳಾಡಿಸಿ, ಬೆರಳು ಕಪ್ಪಾಗಿಸಿಕೊಂಡು,
‘ಇರಲಿ’ ಅಂದಳು.
ಹನ್ನೆರಡು ಪ್ರತಿ. ವೇಳಾಪಟ್ಟಿಯ ಕೆಳಗೂ ಒಂದು.

ಸೀಮೆಎಣ್ಣೆಯಲ್ಲಿ ತೊಳೆದು ಎತ್ತಿಡಲು ಹೋದರೆ
ಪೆಟ್ಟಿಗೆಯಲ್ಲಿ ಅದಕ್ಕೆ ಮನೆಯಿಲ್ಲ.
‘ಐ’ ಮತ್ತು ‘ಎಲ್’ ನಡುವಿನ ಹಲಗೆ ಕಿತ್ತೆ,
ಎರಡು ಹೊಸ ಪಟ್ಟಿ ತೂರಿಸಿದೆ.
ಅತ್ತ ಇವರು, ಇತ್ತ ಅವರು
ಚೂರು ಹೊಟ್ಟೆ ಒಳಗೆಳೆದುಕೊಂಡರು.